ಎಡ ರೆಕ್ಕೆ ಉದ್ದದ ನೊಣ

ಮೂರನೆಯ ಸೋಮವಾರವೂ ಟೈಲರ್ ಅದೇ ಸಪ್ಪೆ ಮುಖ ಹೊತ್ತುಕೊಂಡು ಅಂಗಡಿಯ ಮೆಟ್ಟಿಲು ಹತ್ತಿದ. ಕೈಯಲ್ಲಿ ಅದೇ ಸಿಕ್ಕು.

"ನೋಡಿ ಮೇಡಂ, ಮತ್ತೆ ತಿರುಚ್ಕೊಂಡಿದೆ," ಎಂದು ಅದನ್ನು ಗಾಜಿನ ಕೌಂಟರ್ ಮೇಲೆ ಇಟ್ಟ.

ಕೌಂಟರಿನಾಚೆ ನಿಂತಿದ್ದ ಗುಬ್ಬಿ ಬಗ್ಗಿ ನೋಡಿದಳು. ಗಾಳದ ದಪ್ಪ ಹುರಿಗೂ ಅದರ ತುದಿಯ ಸುಳ್ಳು ನೊಣಕ್ಕೂ ನಡುವೆ ಕಟ್ಟುವ, ಕಂಡೂ ಕಾಣದಂಥ ತೆಳ್ಳನೆಯ ಎಳೆ ಅದು. ಮೀನು ಹಿಡಿಯುವವರು ಅದನ್ನು ಲೀಡರ್ ಎನ್ನುತ್ತಾರೆ. ನೀರಿನ ಮೇಲೆ ನೆಟ್ಟಗೆ ಮಲಗಬೇಕಾದ ಲೀಡರ್ ಈಗ ಹಳೇ ಟೆಲಿಫೋನಿನ ವೈರಿನಂತೆ ಸುರುಳಿ ಸುರುಳಿಯಾಗಿ ತನ್ನನ್ನು ತಾನೇ ಸುತ್ತಿಕೊಂಡಿತ್ತು.

"ಎಷ್ಟು ಸಲ ಬೀಸಿದ್ರಿ?"

"ಹತ್ತು ಸಲ ಇರ್ಬಹುದು."

"ಮೀನು?"

"ಬಂತು. ನೊಣ ನೋಡ್ತು. ಈ ಸಿಕ್ಕೂ ನೋಡ್ತು. ನಕ್ಕೊಂಡು ಹೋಯ್ತು."

ಅವಳಿಗೂ ನಗು ಬಂತು. ನುಂಗಿಕೊಂಡಳು. ಆ ನುಂಗಿದ ನಗು ಗಲ್ಲದ ಗುಳಿಯಲ್ಲಿ ಸಿಕ್ಕಿಬಿದ್ದದ್ದನ್ನು ಟೈಲರ್ ನೋಡಿದ. ನೋಡಿದ್ದು ಅವಳಿಗೂ ಗೊತ್ತಾಯಿತು. ಇಬ್ಬರೂ ತಟ್ಟನೆ ಕೌಂಟರ್ ಮೇಲಿನ ಸಿಕ್ಕಿನ ಕಡೆ ಭಾರೀ ಗಮನ ಕೊಟ್ಟರು.

"ನೊಣದಲ್ಲಿ ಏನಾದ್ರೂ ದೋಷ..."

"ನೊಣದಲ್ಲಿ ಏನೂ ದೋಷ ಇಲ್ಲ," ಎಂದಳು ಅವಳು, ಅವನ ಮಾತು ಮುಗಿಯುವ ಮೊದಲೇ. "ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ. ಮೊದಲು ಕೈ ಸರಿ ಮಾಡ್ಕೊಳ್ಳಿ."

ಒಳಕೋಣೆಯಿಂದ ಅಪ್ಪನ ನಗು ಕೇಳಿಸಿತು. "ಬಿಡಮ್ಮ ಪಾಪ! ಲೀಡರ್ ಅಂದ್ಮೇಲೆ ಮಾತೂ ತಿರುಗ್ಸ್ತಾನೆ, ತಾನೂ ತಿರುಗ್ತಾನೆ."

ಅಪ್ಪನನ್ನು ಊರೆಲ್ಲ ನೊಣದಪ್ಪ ಎಂದು ಕರೆಯುವುದು. ನಲವತ್ತು ವರ್ಷಗಳಿಂದ ಅವರು ಕೊಕ್ಕೆಯ ಮೇಲೆ ಗರಿ, ನೂಲು ಸುತ್ತಿ ಸುಳ್ಳು ನೊಣ ಕಟ್ಟುತ್ತಾರೆ. ನೀರಿನ ಮೇಲೆ ತೇಲುವ ಈ ನೊಣಕ್ಕೆ ಡ್ರೈ ಫ್ಲೈ ಎಂದು ಹೆಸರು. ನೊಣದಪ್ಪನ ಡ್ರೈ ಫ್ಲೈ ಎಂದರೆ ನಿಜವಾದ ನೊಣಕ್ಕೇ ತಾನು ಸುಳ್ಳೇನೋ ಎಂದು ಅನುಮಾನ ಬರಬೇಕು, ಹಾಗಿರುತ್ತಿತ್ತು. ಮಗಳು ಚಿಕ್ಕವಳಿದ್ದಾಗ ಅಂಗಡಿಯ ಗರಿಗಳನ್ನೆಲ್ಲ ಹೆಕ್ಕಿ ದಿಂಬಿನಡಿ ಬಚ್ಚಿಡುತ್ತಿದ್ದುದರಿಂದ ಅವಳು ಗುಬ್ಬಿಯಾದಳು. ಈಗ ಇಪ್ಪತ್ತೊಂಬತ್ತು ತುಂಬಿದರೂ ಗುಬ್ಬಿಯೇ.

ಈಗ ಕಹಿ ಸತ್ಯ. ದೋಷ ಇದ್ದದ್ದು ನೊಣದಲ್ಲೇ.

ಈ ಚಳಿಗಾಲದಲ್ಲಿ ಅಪ್ಪ ಕಟ್ಟಿದ ಪ್ರತಿ ನೊಣದಲ್ಲೂ ಎಡ ರೆಕ್ಕೆ ಬಲ ರೆಕ್ಕೆಗಿಂತ ಕೂದಲೆಳೆಯಷ್ಟು ಉದ್ದ. ಕಣ್ಣಿಗೆ ಕಾಣುವುದಿಲ್ಲ, ಗಾಳಿಗೆ ಗೊತ್ತಾಗುತ್ತದೆ. ಬೀಸಿದ ಕೂಡಲೇ ನೊಣ ಫ್ಯಾನಿನಂತೆ ಗಿರಗಿರ ತಿರುಗಿ ಲೀಡರನ್ನೂ ತಿರುಚಿಬಿಡುತ್ತದೆ. ಅಪ್ಪನ ಒಂದು ಕಣ್ಣು ಮಂಜಾಗುತ್ತಿದೆ ಎಂದು ಗುಬ್ಬಿಗೆ ಅರ್ಥವಾಗಿತ್ತು. ಅಪ್ಪನಿಗೆ ಆಗಿರಲಿಲ್ಲ. ಈಗಿನ ಬಲ್ಬುಗಳೇ ಸರಿಯಿಲ್ಲ ಎಂದು ಬೈದು ಮೇಜಿನ ದೀಪವನ್ನು ಮೂರು ಸಲ ಬದಲಾಯಿಸಿದ್ದರು. ಮಧ್ಯಾಹ್ನ ಅವರು ಮಲಗಿದಾಗ ಅವಳು ಕದ್ದು ಕೂತು ಎಡ ರೆಕ್ಕೆಗಳ ತುದಿ ಕತ್ತರಿಸುತ್ತಿದ್ದಳು. ಅವರು ದಿನಕ್ಕೆ ಮೂವತ್ತು ಕಟ್ಟುತ್ತಿದ್ದರು, ಅವಳ ಕೈಗೆ ಸಿಗುತ್ತಿದ್ದುದು ಹತ್ತು. ಮೀನು ಹಿಡಿಯುವ ಸೀಸನ್ ಇನ್ನೊಂದು ತಿಂಗಳಲ್ಲಿ ಶುರು. ಹೊಸ ಪೆಟ್ಟಿಗೆಯಿಂದ ಕೊಂಡ ಮೊದಲ ಗಿರಾಕಿ ಈ ಟೈಲರ್.

ಅಪ್ಪನಿಗೆ ಹೇಳುವ ಧೈರ್ಯ ಇಲ್ಲದೆ, ಪಾಪದ ಪ್ರಾಣಿಯೊಂದು ಸಿಕ್ಕಿತೆಂದು ಅವನ ಕೈಯ ಮೇಲೆ ತಪ್ಪು ಹೊರಿಸಿದ್ದಳು. ಹೊರಿಸಿದವಳು ಸುಮ್ಮನಿರಬಾರದಿತ್ತೆ? ಅಂದು ಸುಮ್ಮನಿರಲಿಲ್ಲ.

"ಭಾನುವಾರ ಬೆಳಿಗ್ಗೆ ನದಿ ಹತ್ರ ಬನ್ನಿ. ಬೀಸೋದು ಹೇಗೆ ಅಂತ ನಾನೇ ತೋರಿಸ್ತೀನಿ," ಎಂದಳು.

ಟೈಲರ್ ನೊಣ ಕೊಳ್ಳುವುದನ್ನೂ ಮರೆತು ಮೆಟ್ಟಿಲಿಳಿದ.

*

ಅವನು ಮೀನಿನ ಆಸೆಗೆ ಬಿದ್ದವನಲ್ಲ. ಹದಿನೆಂಟು ವರ್ಷ ಹೊಲಿಗೆ ಮೆಷಿನ್ನಿಗೆ ತಲೆ ಬಾಗಿಸಿ ಕೂತು ಕತ್ತು ಹಿಡಿದುಕೊಂಡಿತ್ತು. ವಾರಕ್ಕೊಮ್ಮೆಯಾದರೂ ತಲೆಯೆತ್ತಿ ದೂರ ನೋಡಯ್ಯ ಎಂದಿದ್ದರು ಡಾಕ್ಟರು. ಅವನ ಅಕ್ಕ, ತನ್ನ ಗಂಡನ ಹಳೇ ಗಾಳದ ಕೋಲನ್ನು ಅಟ್ಟದಿಂದ ಇಳಿಸಿ ಕೈಗಿತ್ತು ಹೊರಗೆ ಅಟ್ಟಿದ್ದಳು.

ಭಾನುವಾರ ಅವನು ನದಿಗೆ ಬಂದಾಗ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು.

"ಮೀನಿಗೆ ಅಂಗಿ ಹೊಲೀತೀರಾ?" ಎಂದಳು ಗುಬ್ಬಿ.

ಅವನು ಕೊರಳು ಮುಟ್ಟಿ ನೋಡಿಕೊಂಡು ಕಿವಿಯವರೆಗೂ ಕೆಂಪಾದ. "ಅಭ್ಯಾಸ. ಇದಿಲ್ದಿದ್ರೆ ಬರಿಮೈಲಿ ನಿಂತ ಹಾಗನ್ಸುತ್ತೆ."

ನೀರು ಮೊಣಕಾಲಿನವರೆಗೆ ತಣ್ಣಗೆ ಹರಿಯುತ್ತಿತ್ತು. ಅವಳು ಪಾಠ ಶುರು ಮಾಡಿದಳು. ದೊಡ್ಡ ನೊಣಕ್ಕೆ ತೀರಾ ತೆಳು ಎಳೆ ಕಟ್ಟಬೇಡಿ, ನೊಣದ ಭಾರ ತಡೆಯುವಷ್ಟು ಗಟ್ಟಿ ಇರಲಿ. ಗಾಳಿಯಲ್ಲಿ ಸುಮ್ಮಸುಮ್ಮನೆ ಹಿಂದೆ ಮುಂದೆ ಆಡಿಸಬೇಡಿ. ಎರಡು ಸಲ, ಮೂರನೆಯದಕ್ಕೆ ನೀರಿಗೆ. ಚಾಟಿ ಬೀಸಿದ ಹಾಗೆ ಎಳೆಯಬೇಡಿ, ಹಿಂದೆ ಹೋದ ಹುರಿ ಪೂರ್ತಿ ಚಾಚಿಕೊಳ್ಳಲಿ, ಆಮೇಲೆ ಮುಂದಕ್ಕೆ.

"ಇಷ್ಟೆಲ್ಲ ಮಾಡಿದ್ಮೇಲೂ ತಿರುಚ್ಕೊಂಡ್ರೆ?"

"ನೊಣ ಬಿಚ್ಚಿ. ಬರೀ ಎಳೆನ ಹರಿಯೋ ನೀರಿಗೆ ಬಿಟ್ಟು ಸುಮ್ನೆ ನಿಂತ್ಕೊಳ್ಳಿ. ತಿರುಚು ತಾನಾಗೇ ಬಿಟ್ಟೋಗುತ್ತೆ."

"ಅರೆ! ನಮ್ಮ ಸೂಜಿ ಥರಾನೇ," ಎಂದು ಅವನ ಮುಖ ಅರಳಿತು. "ಕೈಹೊಲಿಗೆ ಹಾಕ್ವಾಗ ನೂಲು ತಿರುಚ್ಕೊಳ್ಳುತ್ತೆ. ಆಗ ಸೂಜಿನ ಜೋತು ಬಿಡ್ತೀವಿ. ಗಿರ್ರಂತ ತಿರುಗಿ ತಾನೇ ಸರಿ ಹೋಗುತ್ತೆ. ಎಳೆದಾಡಿದ್ರೆ ಮಾತ್ರ ಗಂಟು."

ಅವಳು ಎಲ್ಲವನ್ನೂ ಹೇಳಿಕೊಟ್ಟಳು, ಒಂದನ್ನು ಬಿಟ್ಟು. ಅಪ್ಪ ಅವಳಿಗೆ ಎಲ್ಲಕ್ಕಿಂತ ಮೊದಲು ಕಲಿಸಿದ್ದು ಆ ಒಂದನ್ನೇ: ಕಟ್ಟಿದ ನೊಣವನ್ನು ಒಂದು ಮೊಳ ದಾರಕ್ಕೆ ಕಟ್ಟಿ ಬೀಸಿ ನೋಡು, ತಿರುಗಿದರೆ ಎಸೆದುಬಿಡು.

"ನಿಮ್ಮ ತೋಳು ಇಪ್ಪತ್ತೆರಡೂವರೆ ಇಂಚು," ಎಂದ ಟೈಲರ್ ಇದ್ದಕ್ಕಿದ್ದಂತೆ. ಅವಳು ಬೀಸುವುದನ್ನೇ ನೋಡುತ್ತಿದ್ದ.

"ಅಳೀದೇನೇ ಹೇಳ್ತೀರಾ?"

"ನೋಡಿದ್ರೆ ಗೊತ್ತಾಗುತ್ತೆ. ಬಲಗೈ ಮಾತ್ರ ಕಾಲಿಂಚು ಜಾಸ್ತಿ. ದಿನಾ ಕೋಲು ಬೀಸೋರಲ್ವಾ."

ಗುಬ್ಬಿಯ ಕೆನ್ನೆ ಬಿಸಿಯಾಯಿತು. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು. ಕಾಲಿಂಚನ್ನು ಕಣ್ಣಲ್ಲೇ ಅಳೆಯುವ ಮನುಷ್ಯನ ಮುಂದೆ ಎಡ ರೆಕ್ಕೆ ಎಷ್ಟು ದಿನ ಬಚ್ಚಿಟ್ಟುಕೊಂಡೀತು?

*

ಹೀಗೆ ನಾಲ್ಕು ಭಾನುವಾರ ಕಳೆದವು. ಮೀನು ಒಂದೂ ಬರಲಿಲ್ಲ, ಮಾತು ಬೇಕಾದಷ್ಟು ಬಂತು. ಗುಬ್ಬಿ ಶನಿವಾರವೇ ಮರುದಿನದ ಕುಪ್ಪಸ ಯಾವುದೆಂದು ಯೋಚಿಸತೊಡಗಿದಳು. ಹೊಲಿಗೆಯವನ ಕಣ್ಣಿಗೆ ಬೀಳುವುದೆಂದರೆ ಸಾಮಾನ್ಯವೇ! ಅವನೋ ಬಂದವನೇ, "ಈ ಬಣ್ಣ ಒಪ್ಪುತ್ತೆ, ಹೆಗಲ ಹೊಲಿಗೆ ಮಾತ್ರ ಯಾವನೋ ಕೊಲೆ ಮಾಡಿದ್ದಾನೆ," ಎನ್ನುತ್ತಿದ್ದ. ಅವಳು ಮುಖ ಊದಿಸಿಕೊಳ್ಳುತ್ತಿದ್ದಳು. ಆ ಊದಿದ ಮುಖವನ್ನು ಅವನು ಓರೆಗಣ್ಣಲ್ಲಿ ನೋಡಿ ಹರಿಯುವ ನೀರಿಗೆ ನಗುತ್ತಿದ್ದ.

ಐದನೆಯ ಭಾನುವಾರ ಅವನು ನಗಲಿಲ್ಲ. ತಿರುಚಿಕೊಂಡ ಲೀಡರನ್ನು ಅಂಗೈಯಲ್ಲಿಟ್ಟುಕೊಂಡು ದಂಡೆಯ ಕಲ್ಲಿನ ಮೇಲೆ ಕೂತುಬಿಟ್ಟ.

"ಈಗೀಗ ಬಟ್ಟೆ ಕತ್ತರಿಸೋಕೆ ಮುಂಚೆ ಎರಡೆರಡು ಸಲ ಅಳೀತೀನಿ," ಎಂದ. "ನಿನ್ನೆ ಒಂದು ಕೋಟು ಕತ್ತರಿಸೋಕೆ ಹೋಗಿ ಕೈ ನಿಂತೋಯ್ತು. ನೀವು ಇಷ್ಟು ಚೆನ್ನಾಗಿ ಹೇಳ್ಕೊಟ್ರೂ ಬರ್ತಿಲ್ಲ ಅಂದ್ರೆ ನನ್ನ ಕೈಯಲ್ಲೇ ಏನೋ ಕೆಟ್ಟಿದೆ. ಹದಿನೆಂಟು ವರ್ಷದಲ್ಲಿ ಹೀಗೆ ಅನ್ಸಿರ್ಲಿಲ್ಲ."

ಗುಬ್ಬಿಗೆ ಅವನು ಬೇಕಾಗಿದ್ದ. ಅದು ಎಂದೋ ಗೊತ್ತಾಗಿತ್ತು, ಈಗ ನೋವಾಗುವಷ್ಟು ಗೊತ್ತಾಯಿತು. ಅವನು ಕೋಲು ಕೆಳಗಿಟ್ಟು ನೀರು ಕುಡಿಯಲು ಅತ್ತ ತಿರುಗಿದಾಗ ಅಪ್ಪನ ನೊಣ ಬಿಚ್ಚಿ, ಎಳೆಯನ್ನು ಬೆರಳಲ್ಲಿ ನೇರ ಮಾಡಿ, ತಾನೇ ಕಟ್ಟಿದ ನೊಣವೊಂದನ್ನು ಅವನ ಲೀಡರಿಗೆ ಕಟ್ಟಿದಳು.

"ಇನ್ನೊಂದೇ ಸಲ ಬೀಸಿ. ನನಗೋಸ್ಕರ."

ಬೀಸಿದ. ಹುರಿ ಚಾಚಿತು, ಲೀಡರ್ ಚಾಚಿತು, ನೊಣ ನೀರಿನ ಮೇಲೆ ಉಸಿರಿನಷ್ಟು ಹಗುರಾಗಿ ಇಳಿಯಿತು. ಮತ್ತೆ ಬೀಸಿದ. ಮತ್ತೆ ನೆಟ್ಟಗೆ. ಟೈಲರ್ ಮಗುವಿನಂತೆ ಕುಣಿದು ಅರ್ಧ ಮೈ ಒದ್ದೆ ಮಾಡಿಕೊಂಡ.

ಹೋಗುವಾಗ ಆ ನೊಣವನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡ. ಗುಬ್ಬಿಗೆ ಆಗಲೇ ಎಚ್ಚರವಾಗಬೇಕಿತ್ತು. ಅವನ ನಗು ನೋಡುತ್ತ ನಿಂತವಳಿಗೆ ಎಚ್ಚರ ಎಲ್ಲಿಂದ ಬರಬೇಕು?

*

ಬುಧವಾರ ಮಧ್ಯಾಹ್ನ, ಅಪ್ಪ ಒಳಗೆ ಮಲಗಿದ್ದಾಗ, ಅವನು ಬಂದ. ಕೌಂಟರ್ ಮೇಲೆ ಕೋಟಿನ ಕಪ್ಪು ಬಟ್ಟೆಯ ತುಂಡೊಂದನ್ನು ಹಾಸಿ, ಅದರ ಮೇಲೆ ಆರು ನೊಣಗಳನ್ನು ಸಾಲಾಗಿ ಇಟ್ಟ.

"ಇದು ನಿಮ್ಮ ಕೈಯದು. ಭಾನುವಾರದ್ದು," ಎಂದ, ಮೊದಲನೆಯದನ್ನು ತೋರಿಸಿ. "ಇವು ಪೆಟ್ಟಿಗೆಯವು. ಕಟ್ಟಿದ ಕೈ ಬೇರೆ. ಎಲ್ಲದ್ರಲ್ಲೂ ಎಡ ರೆಕ್ಕೆ ಉದ್ದ. ಇದೊಂದ್ರಲ್ಲಿ ಮಾತ್ರ ತುದಿ ಕತ್ತರಿಸಿದೆ. ಹುಟ್ತಾನೇ ಬಂದ ತುದಿ ಯಾವುದು, ಆಲ್ಟರೇಷನ್ ಮಾಡಿದ್ದು ಯಾವುದು ಅಂತ ನನಗೆ ಗೊತ್ತಾಗಲ್ವಾ ಮೇಡಂ?"

ಅವಳು ಒಳಕೋಣೆಯ ಕಡೆ ನೋಡಿದಳು. ಒಳಗಿನಿಂದ ಅಪ್ಪನ ಗೊರಕೆ ಮೆಲ್ಲಗೆ ಕೇಳುತ್ತಿತ್ತು.

"ಕೋಪ ಬಂತಾ?" ಎಂದಳು ಕೊನೆಗೆ.

"ಬಂತು. ನಿನ್ನೆ ಸಂಜೆ ತನಕ ಇತ್ತು. ಆಮೇಲೆ ಯಾರ ಕೈ, ಯಾಕೆ ಎಡಗಡೆ ಮಾತ್ರ ಅಂತ ಯೋಚಿಸ್ದೆ. ಆಗ ಭಯ ಆಯ್ತು." ಅವನು ಧ್ವನಿ ತಗ್ಗಿಸಿದ. "ನನಗೆ ಕೆಲಸ ಕಲಿಸಿದ ಮಾಸ್ತರು ಕೊನೆ ಕೊನೆಗೆ ಎಡ ತೋಳು ಉದ್ದ ಕತ್ತರಿಸ್ತಿದ್ರು. ಎರಡು ವರ್ಷ ನಾನೇ ಕದ್ದು ಸರಿ ಮಾಡಿ ಇಡ್ತಿದ್ದೆ. ಗೌರವ ಅಂದ್ಕೊಂಡಿದ್ದೆ. ಆಮೇಲೆ ಆಸ್ಪತ್ರೆಗೆ ಹೋದ್ವಿ. ಇಷ್ಟು ದಿನ ಯಾರೂ ಗಮನಿಸ್ಲಿಲ್ವಾ ಅಂತ ಡಾಕ್ಟರು ಕೇಳಿದ್ರು. ನಾನು ಪಕ್ಕದಲ್ಲೇ ನಿಂತಿದ್ದೆ."

"ಅವರ ಕಣ್ಣು?"

"ಒಂದು ಪೂರ್ತಿ ಹೋಯ್ತು."

ಗುಬ್ಬಿ ಕೌಂಟರಿನ ಅಂಚು ಹಿಡಿದುಕೊಂಡಳು. "ಅಪ್ಪನಿಗೆ ಇದು ಬಿಟ್ರೆ ಬೇರೇನೂ ಇಲ್ಲ ರೀ. ನಿಮ್ಮ ಕಣ್ಣು ಹೋಗಿದೆ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?"

"ಹೋಗಿದೆ ಅಂತ ಹೇಳ್ಬೇಡಿ. ಹೋಗ್ತಿದೆ ಅಂತ ಹೇಳಿ. ಈಗ ಹೇಳಿದ್ರೆ ಅಷ್ಟೇ."

"ನನ್ನಿಂದ ಆಗಲ್ಲ."

"ಮುಂದಿನ ಸೋಮವಾರ ತನಕ ಕಾಯ್ತೀನಿ. ಆಮೇಲೆ ನಾನೇ ಬಂದು ಹೇಳ್ತೀನಿ."

"ಹಾಗಿದ್ರೆ ಇನ್ಮೇಲೆ ನದಿ ಹತ್ರ ನನ್ನ ಕಾಯ್ಬೇಡಿ," ಎಂದಳು ಅವಳು. ಕೋಪದ ಮಾತು, ಕಣ್ಣಲ್ಲಿ ನೀರಿತ್ತು.

ಅವನು ಒಂದು ಗಳಿಗೆ ನಿಂತು ನೋಡಿದ. ಮೆಟ್ಟಿಲಿಳಿದು ಹೋದ. ಕಪ್ಪು ಬಟ್ಟೆ ಕೌಂಟರ್ ಮೇಲೆಯೇ ಉಳಿಯಿತು.

*

ಎರಡು ದಿನ ಅವಳು ಅವನನ್ನು ಮನಸಾರೆ ಬೈದಳು. ಮೂರನೆಯ ದಿನ ಬೈಯಲು ಹೊಸ ಮಾತು ಸಿಗಲಿಲ್ಲ. ಅಪ್ಪ ನಾಲ್ಕನೆಯ ಬಲ್ಬು ತರಲು ಚಪ್ಪಲಿ ಮೆಟ್ಟುತ್ತಿದ್ದರು.

"ಅಪ್ಪ, ಒಂದು ನಿಮಿಷ ಕೂತ್ಕೊಳ್ಳಿ. ಈ ನೊಣ ಒಂಚೂರು ಬೀಸಿ ನೋಡಿ."

ಮೊಳದುದ್ದ ದಾರಕ್ಕೆ ಕಟ್ಟಿ ಕೈಗಿತ್ತಳು. ಅಪ್ಪ ಬೀಸಿದರು. ನಲವತ್ತು ವರ್ಷದ ಬೆರಳು, ದಾರದ ತಿರುಚು ತಕ್ಷಣ ತಿಳಿಯಿತು.

"ಯಾವ ಪೆದ್ದ ಕಟ್ಟಿದ್ದೇ ಇದನ್ನ? ಗಿರಗಟ್ಲೆ ಥರ ತಿರುಗ್ತಿದೆ."

ಗುಬ್ಬಿ ಪೆಟ್ಟಿಗೆಯನ್ನು ಅವರ ಮುಂದಕ್ಕೆ ಸರಿಸಿದಳು. ಮುಚ್ಚಳದ ಮೇಲೆ ಅವರದೇ ಕೈಬರಹವಿತ್ತು. ಅಪ್ಪ ಇನ್ನೊಂದು ನೊಣ ಕಟ್ಟಿ ಬೀಸಿದರು. ಮತ್ತೊಂದು. ಐದನೆಯದಕ್ಕೆ ದಾರವನ್ನು ಕೆಳಗಿಟ್ಟರು.

ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು ಬೀದಿಯ ಕಡೆ ನೋಡಿದರು.

"ಗುಬ್ಬಿ, ಕಿಟಕಿಗೆ ಪರದೆ ಏನಾದ್ರೂ ಹಾಕಿದ್ದೀಯಾ?"

"ಇಲ್ಲ ಅಪ್ಪ."

"ಹಾಗಾದ್ರೆ ಮೂರು ಬಲ್ಬು ದಂಡ," ಎಂದರು ಅಪ್ಪ. ನಗಲು ಹೋಗಿ ಆಗಲಿಲ್ಲ. ಅವಳು ಅವರ ಪಾದದ ಬಳಿ ಕೂತು ಮೊಣಕಾಲಿಗೆ ಮುಖ ಒತ್ತಿಕೊಂಡಳು. ಅಪ್ಪನ ಕೈ ಅವಳ ತಲೆಯನ್ನು ತಡಕಿ ಹುಡುಕಿತು.

ಸೋಮವಾರ ಅಂಗಡಿ ತೆರೆಯಲಿಲ್ಲ. ಆಸ್ಪತ್ರೆಗೆ ಹೋಗಿದ್ದೇವೆ ಎಂಬ ಬೋರ್ಡು ತೂಗುಹಾಕಿ ಹೊರಟರು. ಕಣ್ಣಲ್ಲಿ ಪೊರೆ ಬಂದಿದೆ, ತೆಗೆದರೆ ಸರಿಹೋಗುತ್ತದೆ, ಸರಿಯಾದ ಸಮಯಕ್ಕೆ ಬಂದಿರಿ ಎಂದರು ಡಾಕ್ಟರು. ಆ ಕೊನೆಯ ಮಾತು ಕೇಳಿ ಗುಬ್ಬಿ ಮುಖ ಆಚೆ ತಿರುಗಿಸಿಕೊಂಡಳು.

ಸಂಜೆ ವಾಪಸ್ ಬಂದಾಗ ಅಂಗಡಿಯ ಬೋರ್ಡಿನ ಕೆಳಗೆ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ, ಯಾರೋ ಎರಡೇ ಮಾತು ಬರೆದಿದ್ದರು: ಎಲ್ಲಾ ಒಳ್ಳೇದಾಗ್ಲಿ.

ಅವಳು ಅದನ್ನು ಒರೆಸಲಿಲ್ಲ.

*

ಆಪರೇಷನ್ ಆಗಿ ಮೂರು ವಾರಕ್ಕೆ ಅಪ್ಪ ಮತ್ತೆ ಮೇಜಿನ ಮುಂದೆ ಕೂತರು. ಚಳಿಗಾಲದ ನೊಣಗಳನ್ನೆಲ್ಲ ಒಂದೊಂದಾಗಿ ನೋಡಿ, ತಮ್ಮನ್ನು ತಾವೇ ಬೈದುಕೊಂಡು, ಗರಿ ಕಿತ್ತು ಕೊಕ್ಕೆ ಬೇರೆ ಮಾಡಿದರು. ಆಮೇಲೆ ಹೊಸದೊಂದು ಕಟ್ಟಿ, ದಾರಕ್ಕೆ ಹಾಕಿ ಬೀಸಿದರು. ನೊಣ ಅಲ್ಲಾಡದೆ ನೆಟ್ಟಗೆ ಹೋಯಿತು. ಅವರ ಮುಖದಲ್ಲಿ ನಲವತ್ತು ವರ್ಷ ಹಿಂದಿರುಗಿತು.

"ಅಲ್ಲ, ಆ ಟೈಲರ್ ಕೈ ಸರಿ ಇಲ್ಲ ಅಂತಿದ್ಯಲ್ಲ?" ಎಂದರು, ತಟ್ಟನೆ ನೆನಪಾಗಿ.

ಗುಬ್ಬಿ ಗರಿಗಳನ್ನು ಜೋಡಿಸುವುದರಲ್ಲಿ ಮುಳುಗಿಹೋದಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ಯಾ? ನನ್ನ ಕಣ್ಣಿಗೆ ಪೊರೆ ಬಂದ್ರೆ ಅವನ ಕೈಗೆ ಅಪವಾದನಾ? ಕೈಯನ್ನೇ ನಂಬ್ಕೊಂಡು ಬದುಕೋ ಮನುಷ್ಯ ಕಣೇ! ನನಗೆ ಬಂದಿದ್ದ ಗತಿ ಅವನಿಗೂ ತಂದಿಟ್ಟೆಯಲ್ಲ." ಹೊಸ ನೊಣವನ್ನು ಅವಳ ಅಂಗೈಗೆ ಹಾಕಿದರು. "ನಾಳೆ ಭಾನುವಾರ. ಹೋಗಿ ತಪ್ಪಾಯ್ತು ಅಂತ ಹೇಳ್ಬಾ. ಬೇರೆ ಏನಾದ್ರೂ ಹೇಳೋದಿದ್ರೆ ಅದನ್ನೂ ಹೇಳ್ಬಾ. ನನಗೀಗ ಎರಡೂ ಕಣ್ಣು ಕಾಣುತ್ತೆ."

*

ಅವನು ಅಲ್ಲೇ ಇದ್ದ. ಅದೇ ಕಲ್ಲಿನ ಪಕ್ಕ, ಅದೇ ನೀರಿನಲ್ಲಿ, ಕೊರಳಲ್ಲಿ ಅದೇ ಟೇಪು. ಲೀಡರ್ ಎಂದಿನಂತೆ ತಿರುಚಿಕೊಂಡಿತ್ತು. ಅದರ ತುದಿಯಲ್ಲಿ ಅಪ್ಪನ ಹಳೇ ನೊಣ.

"ಇನ್ನೂ ಅದೇ ನೊಣನಾ?" ಎಂದಳು ಗುಬ್ಬಿ ದಂಡೆಯಿಂದ.

ಅವನು ತಿರುಗಿ ನೋಡಿದ. ಮುಖ ಅರಳಿತು, ಮರುಕ್ಷಣ ಹದಕ್ಕೆ ಬಂತು. "ನಿಮ್ಮಂಗಡಿ ಮುಚ್ಚಿತ್ತು. ಬೇರೆ ಅಂಗಡೀಲಿ ತಗೊಳ್ಳೋಕೆ ಮನಸ್ಸು ಬರ್ಲಿಲ್ಲ. ಅಪ್ಪ ಹೇಗಿದ್ದಾರೆ?"

"ಬೈಯೋವಷ್ಟು ಚೆನ್ನಾಗಿದ್ದಾರೆ."

ಅವಳು ನೀರಿಗಿಳಿದು ಅವನ ಪಕ್ಕ ನಿಂತಳು. ಹಳೇ ನೊಣವನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡಳು. ಬರೀ ಎಳೆಯನ್ನು ಹರಿವಿಗೆ ಬಿಟ್ಟಳು. ನೀರು ಅದನ್ನು ಉದ್ದಕ್ಕೆ ಎಳೆದುಕೊಂಡು ಹೋಯಿತು. ಕೋಲನ್ನು ಇಬ್ಬರೂ ಹಿಡಿದಿದ್ದರು, ಅವನ ಕೈ ಮೇಲೆ, ಅವಳದು ಕೆಳಗೆ.

"ಎಷ್ಟು ಹೊತ್ತು ಬೇಕು?"

"ಐದು ನಿಮಿಷ. ಅವಸರ ಮಾಡ್ಬಾರ್ದು."

ದೂರದಲ್ಲಿ ಮೀನೊಂದು ಮೇಲೆ ಬಂದು ನೀರಿನಲ್ಲಿ ಒಂದು ಬಳೆ ಬರೆದು ಮುಳುಗಿತು. ಗುಬ್ಬಿ ಆ ಬಳೆ ಅಗಲವಾಗುವುದನ್ನೇ ನೋಡುತ್ತ ಮಾತಾಡಿದಳು.

"ನೆಲ ನಿಜವಾಗ್ಲೂ ಡೊಂಕಾಗಿತ್ತು. ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ದಿನ ನಿಮ್ಮನ್ನ ಕುಣಿಸ್ದೆ. ತಪ್ಪಾಯ್ತು."

ಅವನು ಕೋಲಿನ ಮೇಲಿದ್ದ ತನ್ನ ಬೆರಳುಗಳನ್ನು ನೋಡಿಕೊಂಡ.

"ಹಾಗಾದ್ರೆ ನನ್ನ ಕೈ ಸರಿ ಇದೆ ಅನ್ನಿ."

"ತುಂಬಾ ಚೆನ್ನಾಗಿದೆ."

"ಪಾಠ ಮುಗೀತು. ಇನ್ಮೇಲೆ ಭಾನುವಾರ ನೀವು ಬರೋ ಅಗತ್ಯ ಇಲ್ಲ," ಎಂದ, ನೀರನ್ನೇ ನೋಡುತ್ತ.

"ಅಗತ್ಯ ಇಲ್ಲ," ಎಂದಳು ಗುಬ್ಬಿ. "ಬರ್ತೀನಿ. ನನಗೆ ನೀವು ಬೇಕು. ಪಾಠ ಒಂದು ನೆಪ ಆಗಿತ್ತು. ಎರಡನೇ ಭಾನುವಾರದಿಂದಲೇ."

"ನನಗೆ ಮೊದಲ ಸೋಮವಾರದಿಂದ," ಎಂದ ಟೈಲರ್. "ಇಲ್ದಿದ್ರೆ ಒಂದು ಸಿಕ್ಕು ಬಿಡಿಸೋಕೆ ಟೈಲರ್ ಆದೋನು ಮೂರು ಸಲ ನಿಮ್ಮಂಗಡಿ ಮೆಟ್ಟಿಲು ಹತ್ತೋನಾ? ಮನೇಲೇ ಜೋತು ಬಿಡ್ತಿದ್ದೆ."

ಅವಳು ನಕ್ಕಳು. ಈ ಸಲ ನುಂಗಿಕೊಳ್ಳಲಿಲ್ಲ. ಅವನ ಕೈ ಕೋಲಿನ ಮೇಲೆ ಜಾರಿ ಅವಳ ಕೈಯ ಮೇಲೆ ಬಂದು ನಿಂತಿತು. ಸೂಜಿ ಹಿಡಿದು ಹಿಡಿದು ಗಟ್ಟಿಯಾದ ಬೆರಳುಗಳು, ಬೆಚ್ಚಗಿದ್ದವು.

ಅವಳ ಜೇಬಿನಲ್ಲಿ ಅಪ್ಪ ಕಟ್ಟಿಕೊಟ್ಟ ಹೊಸ ನೊಣವಿತ್ತು. ಎಳೆ ಯಾವಾಗಲೋ ನೆಟ್ಟಗಾಗಿತ್ತು. ಬಿಸಿಲಿಗೆ ಮಿನುಗುತ್ತ ನೀರಿನ ಮೇಲೆ ಉದ್ದಕ್ಕೆ ಮಲಗಿದ್ದು ಇಬ್ಬರಿಗೂ ಚೆನ್ನಾಗಿ ಕಾಣುತ್ತಿತ್ತು.

"ಇನ್ನೂ ಸ್ವಲ್ಪ ತಿರುಚು ಇದೆ ಅನ್ಸುತ್ತೆ," ಎಂದ ಟೈಲರ್.

"ಹೂಂ, ಇದೆ," ಎಂದಳು ಗುಬ್ಬಿ.